ಲಿಂಗೊನ್ ಹಣ್ಣಿಗೆ ಒಲೆ ಬೇಡ

ಸೆಪ್ಟೆಂಬರ್ ಬಂತು ಅಂದ್ರೆ ಸಾಕು, ಸ್ವೀಡನ್ನಿಗೆ ಹೊಸದಾಗಿ ಬಂದ ನಮ್ಮ ಹುಡುಗಿಯರ ಫೋನ್ ಶುರು. "ಆಂಟಿ, ಕಾಡಿಂದ ಲಿಂಗೊನ್ ತಂದಿದ್ದೀವಿ, ಎಷ್ಟು ಹೊತ್ತು ಕುದಿಸಬೇಕು?" ಕುದಿಸಲೇಬೇಡಿ ಕಣ್ರಮ್ಮ. ಲಿಂಗೊನ್ ಅಂದ್ರೆ ಇಲ್ಲಿನ ಕಾಡಲ್ಲಿ ಬಿಡುವ ಪುಟ್ಟ ಕೆಂಪು ಹಣ್ಣು.

ಮೊದಲ ವರ್ಷ ನಾನೂ ಕುದಿಸಿದವಳೇ. ಸಾಗರದ ಕಡೆ ಕವಳಿ ಹಣ್ಣು ತಿಂದು ಬೆಳೆದವಳಿಗೆ ಈ ಹುಳಿ, ಒಗರು ಹೊಸದಲ್ಲ. ಸರಿಸಮ ಸಕ್ಕರೆ ಸುರಿದು ಒಂದು ಗಂಟೆ ಕಾಯಿಸಿದೆ. ಇದರಲ್ಲಿ ಪೆಕ್ಟಿನ್, ಅಂದ್ರೆ ಜಾಮನ್ನು ಗಟ್ಟಿ ಮಾಡುವ ಅಂಶ, ಜಾಸ್ತಿ ಅಂತ ಗೊತ್ತಿರಲಿಲ್ಲ. ಆರಿದ ಮೇಲೆ ಚುಚ್ಚಿದ ಚಮಚ ನೆಟ್ಟಗೆ ನಿಂತಿತು! ಪಕ್ಕದ ಮನೆಯ ಅಜ್ಜಿ ನೋಡಿ ನಕ್ಕು, ತಮ್ಮ ಮನೆಯ 'ರೋರೋರ್ದಾ ಲಿಂಗೊನ್' ತಂದುಕೊಟ್ಟರು. ಹಸಿ ಹಣ್ಣನ್ನೇ ಸಕ್ಕರೆಯಲ್ಲಿ ತಿರುವಿದ್ದು, ಅಷ್ಟೇ.

ಒಂದು ಕಿಲೋ ಹಣ್ಣಿಗೆ ಅರ್ಧ ಕಿಲೋ ಸಕ್ಕರೆ. ಒಣಗಿದ ಸ್ಟೀಲ್ ಪಾತ್ರೆ, ಮರದ ಸೌಟು. ಹತ್ತು ನಿಮಿಷ ತಿರುವಿ, ಮುಚ್ಚಿಡಿ. ಅಡುಗೆಮನೆಗೆ ಹೋದಾಗಲೆಲ್ಲ ಎರಡು ಸುತ್ತು ತಿರುವುತ್ತಿರಿ. ಸಕ್ಕರೆ ಪೂರ್ತಿ ಕರಗಿ, ಅರ್ಧದಷ್ಟು ಹಣ್ಣು ಒಡೆದು ಕೆಂಪು ರಸ ಬಿಟ್ಟರೆ ಆಯಿತು. ಬಿಸಿನೀರಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ತಿಂಗಳುಗಟ್ಟಲೆ ಇರುತ್ತದೆ. ಅಂಗಡಿ ಉಪ್ಪಿನಕಾಯಿಗೆ ಕೆಡದಿರಲಿ ಅಂತ ಬೆಂಜೋಯೇಟ್ ಹಾಕ್ತಾರಲ್ಲ, ಅದರ ಮೂಲವಾದ ಬೆಂಜೋಯಿಕ್ ಆಮ್ಲ ಈ ಹಣ್ಣಿನೊಳಗೇ ಇದೆ. ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಇಲ್ಲಿನವರು ಬರೀ ಕುದಿಸಿ ಆರಿಸಿದ ನೀರಲ್ಲಿ ಹಣ್ಣು ಮುಳುಗಿಸಿ, ತಣ್ಣನೆ ನೆಲಮಾಳಿಗೆಯಲ್ಲಿ ಚಳಿಗಾಲ ಪೂರ್ತಿ ಇಡುತ್ತಿದ್ದರಂತೆ. ಅದಕ್ಕೆ ವಾತ್‌ಲಿಂಗೊನ್ ಅಂತ ಹೆಸರು. ಮಿಡಿ ಉಪ್ಪಿನಕಾಯಿಗೆ ಕಿಲೋಗಟ್ಟಲೆ ಉಪ್ಪು ಅಳೆಯುವ ನಮಗೆ ಇದು ಆಶ್ಚರ್ಯವೇ, ಅಲ್ವಾ?

ಕೊಯ್ಯಲು ಯಾರ ಅಪ್ಪಣೆಯೂ ಬೇಡ. 'ಆಲೆಮಾನ್ಸ್‌ರೆತ್ತೆನ್' ಅಂತ ಇಲ್ಲಿ ಎಲ್ಲರಿಗೂ ಹಕ್ಕಿದೆ, ಯಾರದೇ ಕಾಡಾದರೂ ಹಣ್ಣು ಕೊಯ್ಯಬಹುದು. ಮನೆಯಂಗಳಕ್ಕೆ ಮಾತ್ರ ಕಾಲಿಡಬೇಡಿ. ಗಿಡ ಗೇಣುದ್ದ. ಎಲೆ ದಪ್ಪ, ಹೊಳಪು, ಅಂಚು ಕೆಳಗೆ ಮಡಚಿರುತ್ತದೆ. ಎಲೆ ತಿರುಗಿಸಿ ನೋಡಿ, ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಇರಬೇಕು. ಚುಕ್ಕೆ ಕಾಣದಿದ್ದರೆ ಬಿಡಿ. ಲಿಲಿ ಆಫ್ ದ ವ್ಯಾಲಿ ಗಿಡಕ್ಕೂ ಕೆಂಪು ಹಣ್ಣು ಬಿಡುತ್ತದೆ, ಅದು ವಿಷ. ಅರ್ಧ ಬಿಳಿ ಇರುವ ಲಿಂಗೊನ್ ಕೀಳಬೇಡಿ, ಕಹಿ. ಮನೆಗೆ ಬಂದ ಕೂಡಲೇ ಮೈಮೇಲೆ ರಕ್ತ ಹೀರುವ ಉಣ್ಣಿ ಹತ್ತಿದೆಯಾ ಅಂತಲೂ ನೋಡಿಕೊಳ್ಳಿ.

ಬುಟ್ಟಿ ತುಂಬ ಎಲೆ, ಕಡ್ಡಿ ಸೇರಿರುತ್ತದೆ. ಒಂದೊಂದೇ ಆರಿಸುತ್ತ ಕೂತರೆ ರಾತ್ರಿಯಾಗುತ್ತದೆ. ಇಲ್ಲಿನವರು ಹಲಗೆಗೆ ಒರಟು ಬಟ್ಟೆ ಸುತ್ತಿ, ಓರೆಯಾಗಿಟ್ಟು, ಮೇಲಿಂದ ಹಣ್ಣು ಉರುಳಿಸುತ್ತಾರೆ. ಎಲೆ ಬಟ್ಟೆಗೆ ಅಂಟುತ್ತದೆ, ಹಣ್ಣು ಕೆಳಗಿನ ಪಾತ್ರೆಗೆ ಬೀಳುತ್ತದೆ. ನಾನು ಊರಿಂದ ತಂದ ಮೊರದಲ್ಲೇ ಕೇರುತ್ತೇನೆ.

ಸ್ವೀಡನ್ನಿನವರು ಇದನ್ನು ಮಾಂಸದುಂಡೆ ಜೊತೆ, ಗಂಜಿ ಜೊತೆ, ರಗ್‌ಮುಂಕ್ ಅನ್ನೋ ಆಲೂಗಡ್ಡೆ ದೋಸೆ ಜೊತೆ ತಿನ್ನುತ್ತಾರೆ. ನಮ್ಮನೆಯಲ್ಲಿ ಮೊಸರನ್ನದ ಪಕ್ಕ ಒಂದು ಚಮಚ ಇರಲೇಬೇಕು. ಸಕ್ಕರೆ ಹಾಕದ ಹಣ್ಣನ್ನು ಫ್ರೀಜರಿನಲ್ಲಿಟ್ಟುಕೊಂಡರೆ ಹುಣಸೆಹಣ್ಣಿನ ಬದಲು ಗೊಜ್ಜಿಗೂ ಆಗುತ್ತದೆ. ಬೆಲ್ಲ, ಮೆಣಸಿನಪುಡಿ, ಚಿಟಿಕೆ ಮೆಂತ್ಯ, ಸಾಸಿವೆ ಒಗ್ಗರಣೆ. ಇದೊಂದಕ್ಕೆ ಮಾತ್ರ ಒಲೆ ಹಚ್ಚಿ, ನಾಲ್ಕೇ ನಿಮಿಷ. ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದೊಳಗೆ ಖಾಲಿ ಮಾಡಿ.