1:16 ಟಿ-55 ಮಾಡೆಲ್: ಚೈನ್ ಜೋಲು ಬೀಳಲಿ, ಮಣ್ಣು ನುಣ್ಣಗಿರಲಿ

ಕೋಲಾರದ ಗೆಳೆಯರೇ, ಹಳೇ 1:16 (ನಿಜದ ಹದಿನಾರನೇ ಒಂದು ಅಳತೆಯ) ಟಿ-55 ಟ್ಯಾಂಕ್ ಮಾಡೆಲ್ ಬಿಚ್ಚಿ ಮತ್ತೆ ಕಟ್ಟುವವರು ಮೊದಲು ಚೈನ್ ನೋಡಿ. ಈ ಟ್ಯಾಂಕಿಗೆ ಚೈನಿನ ಮೇಲ್ಭಾಗ ಹೊರುವ ರೋಲರ್ ಇಲ್ಲ. ಚೈನ್ ಜೋಲುಬಿದ್ದು ಚಕ್ರಗಳ ಮೇಲೇ ಮಲಗಬೇಕು. ಬಿಗಿಯಾಗಿ ನೆಟ್ಟಗಿದ್ದರೆ ಆಟಿಕೆಯಂತೆ ಕಾಣುತ್ತದೆ, ಗೇರ್‌ಬಾಕ್ಸಿಗೂ ಭಾರ. ಒಂದೊಂದೇ ಕೊಂಡಿ ಸೇರಿಸಿ ನೋಡಿ. ಹೆಚ್ಚಾದರೆ ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಎಳೆಯುವ ಹಲ್ಲುಚಕ್ರದ) ಹಲ್ಲು ತಪ್ಪುತ್ತದೆ. ಮೊದಲ ಮತ್ತು ಎರಡನೇ ಚಕ್ರದ ನಡುವೆ ಅಂತರ ಜಾಸ್ತಿ ಇರುವುದು ಸರಿಯೇ, ಸಮ ಮಾಡಲು ಹೋಗಬೇಡಿ.

ಹಳೇ ಅಕ್ರಿಲಿಕ್ ಬಣ್ಣ ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್, ಹಲ್ಲುಜ್ಜುವ ಬ್ರಷ್ ಸಾಕು. ಗಾಡಿ ಪೇಂಟಿನ ಥಿನ್ನರ್ ಮುಟ್ಟಿಸಲೇಬೇಡಿ, ಪ್ಲಾಸ್ಟಿಕ್ ಕರಗುತ್ತದೆ.

ಮಾಡೆಲ್ ಮೇಲೆ ಧೂಳು ಹಿಡಿದಂತೆ ತೋರಿಸಲು ನಮ್ಮ ಕೆಮ್ಮಣ್ಣೇ ಚೆನ್ನ. ಚೆನ್ನಾಗಿ ಒಣಗಿಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿಯಿರಿ: 1 ಮಿ.ಮೀ. ಹರಳು ಈ ಅಳತೆಯಲ್ಲಿ 16 ಮಿ.ಮೀ. ಜಲ್ಲಿಕಲ್ಲು! ವಾರ್ನಿಶ್ ಹೊಡೆದ ಮೇಲೆ ಮಣ್ಣಿನ ಬಣ್ಣ ಗಾಢವಾಗುತ್ತದೆ, ಆದ್ದರಿಂದ ಮೊದಲು ತಳಭಾಗದಲ್ಲಿ ಪರೀಕ್ಷಿಸಿ.