ಜಂಕ್ ಸಾಲಲ್ಲಿ ಸಿಕ್ಕಿದ ಟೈಸ್ಕೋ ಗಿಟಾರ್‌ನ ನುಡಿಸೋ ಹಾಗೆ ಮಾಡಿದ ಕತೆ

ಟೋಕಿಯೋಗೆ ಕೆಲ್ಸಕ್ಕೆ ಅಂತ ಬಂದು ಮೂರನೇ ವರ್ಷ. ಹಚಿಯೋಜಿ ಕಡೆ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿ, ಹಿಂದುಗಡೆ ಮೂಲೇಲಿ ಜಂಕ್ ಅಂತ ಬರೆದಿರೋ ಸಾಲು, ಅಲ್ಲಿ ಏನು ತಗೊಂಡ್ರೂ ವಾಪಸ್ ಇಲ್ಲ, ಕೆಟ್ಟಿದ್ಯಾ ಅಂತ ಕೇಳೋ ಹಾಗೂ ಇಲ್ಲ, ಕೆಟ್ಟಿರುತ್ತೆ ಅಷ್ಟೇ. ಎರಡು ಹಾಳಾದ ಕೀಬೋರ್ಡ್ ಮಧ್ಯ ಈ ಗಿಟಾರ್ ನಿಂತಿತ್ತು. ಮೈಗೆ ಗೀರು ಬೀಳದ ಹಾಗೆ ಹಾಕಿರೋ, ಗೆರೆ ಗೆರೆ ಡಿಸೈನ್ ಇರೋ ಅಲ್ಯುಮಿನಿಯಂ ಪಿಕ್‌ಗಾರ್ಡ್, ಮನೆ ಲೈಟ್ ಸ್ವಿಚ್ ಥರ ಟಕ್ ಟಕ್ ಅನ್ನೋ ಬಿಳಿ ಸ್ವಿಚ್‌ಗಳು, ಎರಡು ಗೋಲ್ಡ್ ಫಾಯಿಲ್ ಪಿಕಪ್, ಅಂದ್ರೆ ತಂತಿ ಅಲ್ಲಾಡೋದನ್ನ ಹಿಡಿದು ಆಂಪಿಗೆ ಕಳಿಸೋ ಭಾಗ, ಮೇಲೆ ಬಂಗಾರದ ಬಣ್ಣದ ಹಾಳೆ. 14,000 ಯೆನ್, ನಮ್ಮ ದುಡ್ಡಲ್ಲಿ ಎಂಟು ಸಾವಿರದ ಹತ್ರ. ಅಂಗಡಿ ಹುಡುಗ "ತೆಸುಕೊ" ಅಂದ, ನನಗೆ ಯಾವ ಕಂಪನಿ ಅಂತ ಅರ್ಥ ಆಗೋಕೇ ಸ್ವಲ್ಪ ಹೊತ್ತು ಬೇಕಾಯ್ತು.

ಟೈಸ್ಕೋ 1946ರಲ್ಲಿ ಟೋಕಿಯೋದಲ್ಲಿ ಶುರುವಾದ ಕಂಪನಿ. 1965ರಲ್ಲಿ ಅಮೆರಿಕಾದ ದಿ ವೆಂಚರ್ಸ್ ಬ್ಯಾಂಡ್ ಜಪಾನಿಗೆ ಬಂದು ಹೋದ್ಮೇಲೆ ಇಲ್ಲಿನ ಹುಡುಗರಿಗೆ ಎಲೆಕ್ಟ್ರಿಕ್ ಗಿಟಾರ್ ಹುಚ್ಚು ಹಿಡೀತು, ಅದಕ್ಕೆ ಎರೆಕಿ ಬೂಮ್ ಅಂತಾನೇ ಹೆಸರು. ಟೈಸ್ಕೋದವರು ಅಮೆರಿಕಾಗೂ ಬೇರೆ ಬೇರೆ ಹೆಸರಲ್ಲಿ ರಾಶಿ ರಾಶಿ ಕಳಿಸ್ತಿದ್ರು. 1967ರಲ್ಲಿ ಪಿಯಾನೋ ಮಾಡೋ ಕವಾಯ್ ಕಂಪನಿ ಅದನ್ನ ಕೊಂಡ್ಕೊಂಡ್ತು. ಅಂದ್ರೆ ಇದು ಆಗಿನ ಕಾಲದ ಅಗ್ಗದ ಗಿಟಾರ್, ಪೂಜೆ ಮಾಡಿ ಇಡೋ ವಸ್ತು ಅಲ್ಲ, ಹಾಗಾಗಿ ಬಿಚ್ಚೋಕೆ ನನಗೂ ಭಯ ಆಗ್ಲಿಲ್ಲ. ಸ್ವಲ್ಪ ಆಗಬೇಕಿತ್ತು ಅಂತ ಆಮೇಲೆ ಅನ್ನಿಸ್ತು.

ಮೊದಲನೇ ತಲೆನೋವು ತಂತಿ ಎತ್ತರ. 12ನೇ ಫ್ರೆಟ್ (ಗಿಟಾರಿನ ಕತ್ತು, ಅಂದ್ರೆ ನೆಕ್ ಮೇಲಿರೋ ಅಡ್ಡ ಪಟ್ಟಿ) ಹತ್ರ 4 ಮಿ.ಮೀ., ಬೆರಳು ಒತ್ತಿದ್ರೆ ಹಸಿಮೆಣಸು ಮುಟ್ಟಿದ ಹಾಗೆ ಉರಿ. ನೆಕ್ ಒಳಗಿರೋ, ಅದರ ಬಾಗು ಸರಿಮಾಡೋ ರಾಡ್‌ನ ತಿರುಗಿಸೋಕೆ ನಟ್ಟೇ ಇಲ್ಲ, ಮೈ ಮೇಲೆ ತಂತಿ ಕೂರೋ ಬ್ರಿಡ್ಜ್ ಆಗಲೇ ಪೂರ್ತಿ ಕೆಳಗೆ. ಉಳಿದಿದ್ದು ಒಂದೇ ದಾರಿ, ನೆಕ್ ಬಿಚ್ಚಿ ಅದು ಕೂರೋ ಗುಂಡಿಯಲ್ಲಿ ಬ್ರಿಡ್ಜ್ ಕಡೆ ತುದಿಗೆ ತೆಳ್ಳಗೆ ಏನಾದ್ರೂ ಇಡೋದು, ಆಗ ನೆಕ್ ಹಿಂದಕ್ಕೆ ಒಂಚೂರು ವಾಲಿ ತಂತಿಗೆ ಹತ್ರ ಬರುತ್ತೆ. ಇಲ್ಲಿ ಆಫೀಸಲ್ಲಿ ಎಲ್ಲರಿಗೂ ಕಟ್ಟುಗಟ್ಟಲೆ ವಿಸಿಟಿಂಗ್ ಕಾರ್ಡ್ ಕೊಟ್ಟಿರ್ತಾರೆ, ನನ್ನ ಹೆಸರಿಂದೇ ಒಂದು ಕಾರ್ಡ್ ಕತ್ತರಿಸಿ ಮೂರು ಪದರ ಇಟ್ಟೆ. ಜೊತೆಗೆ ದಪ್ಪ ತಂತಿ ತೆಗೆದು 9ರ ತೆಳ್ಳಗಿನ ಸೆಟ್ ಹಾಕಿದೆ. ಎತ್ತರ ಎರಡೂವರೆಗೆ ಇಳೀತು. ಇನ್ನೂ ಇಳಿಸೋಣ ಅಂತ ಆಸೆ ಬಿದ್ದು ನಾಲ್ಕನೇ ಪದರ ಇಟ್ಟೆ, ಮೇಲಿನ ಫ್ರೆಟ್‌ಗಳೆಲ್ಲ ಝರ್ ಅಂದ್ವು, ತೆಗೆದುಬಿಟ್ಟೆ.

ಆಮೇಲೆ ಪಿಕಪ್. ಬ್ರಿಡ್ಜ್ ಕಡೆದು ಪೂರ್ತಿ ಮೌನ. ಮಲ್ಟಿಮೀಟರ್ ಹಚ್ಚಿದ್ರೆ ನೆಕ್ ಕಡೆದು 6 ಕಿಲೋ ಓಮ್ ಹತ್ತಿರ ತೋರಿಸ್ತು, ಇದು ಏನೂ ಇಲ್ಲ. ಮುಚ್ಚಳ ಹಿಡ್ಕೊಂಡಿರೋ ತಗಡಿನ ಕಿವಿಗಳನ್ನ ಬಿಡಿಸೋವಾಗ ಒಂದನ್ನ ಎರಡು ಸಲ ಬಗ್ಗಿಸಿದೆ, ಪಟ್ ಅಂತ ಕೈಗೇ ಬಂತು. ತಪ್ಪು ನಂದೇ, ಅರವತ್ತು ವರ್ಷದ ತಗಡನ್ನ ಒಂದೇ ಸಲ ನಿಧಾನಕ್ಕೆ ಬಗ್ಗಿಸಬೇಕು. ಒಳಗೆ ನೋಡಿದ್ರೆ ಆ ಗೋಲ್ಡ್ ಫಾಯಿಲ್ ಅನ್ನೋದು ಸ್ವೀಟ್ ಬಾಕ್ಸಲ್ಲಿ ಹಾಕ್ತಾರಲ್ಲ ಆ ಥರದ ಹಾಳೆ, ಬರೀ ಅಲಂಕಾರ. ನಿಜವಾದ ಕೆಲ್ಸ ಅದ್ರ ಕೆಳಗಿರೋ ರಬ್ಬರ್ ಥರದ ಮ್ಯಾಗ್ನೆಟ್ ಮತ್ತೆ ಅದರ ಸುತ್ತ ಸುತ್ತಿರೋ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತೀದು. ಹೊರಗಿನ ತುದಿ ಬೆಸುಗೆ ಹತ್ರ ಹಸಿರು ಹಿಡಿದು ತುಂಡಾಗಿತ್ತು. ಒಳಗಿನ ತುದಿ ಹೋಗಿದ್ರೆ ಕತೆ ಮುಗೀತಿತ್ತು. ಒಂದು ಸುತ್ತು ಬಿಚ್ಚಿ, ಭೂತಗನ್ನಡಿ ಇಟ್ಕೊಂಡು ಬ್ಲೇಡ್ ತುದಿಯಲ್ಲಿ ಲೇಪ ಕೆರೆದು, ಉಸಿರು ಬಿಗಿ ಹಿಡಿದು ಬೆಸೆದೆ, ಕೈ ತೆಗೆಯೋವಾಗ ತಗುಲಿ ಮತ್ತೆ ಕಿತ್ಕೊಂಡ್ತು, ಇನ್ನೊಂದು ಸುತ್ತು ಬಿಚ್ಚಿದೆ. ಎರಡನೇ ಸಲ ನಿಂತ್ತು. ವಾಲ್ಯೂಮ್ ಗುಬುಟಿ ಕರಕರ ಅನ್ನೋದು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ್ರೆ ಹೋಯ್ತು, ಅದರಲ್ಲಿ ಹೇಳೋಂಥದ್ದೇನಿಲ್ಲ.

ಸೌಂಡ್ ಹೇಗಿದೆ ಅಂದ್ರೆ, ಮೀಟಿದ ತಕ್ಷಣ ಗಾಜಿನ ಬಳೆ ತಾಗಿದ ಹಾಗೆ ಒಂದು ಕಿಣಿ, ಆಮೇಲೆ ಬೇಗ ಆರಿಹೋಗುತ್ತೆ. ಉದ್ದಕ್ಕೆ ಎಳೆಯೋ ಸೋಲೋ ಬೇಕು ಅನ್ನೋರಿಗೆ ಇದು ಬೇಡ. ಬೆರಳಿಗೆ ಕೊಳವೆ ಹಾಕಿ ತಂತಿ ಮೇಲೆ ಜಾರಿಸೋ ಸ್ಲೈಡ್ ನುಡಿಸಿದ್ರೆ ಮಾತ್ರ ಬೇರೇನೇ ಲೋಕ, ಸ್ಲೈಡಿಗೆ ಹೆಸರಾದ ಅಮೆರಿಕಾದ ಗಿಟಾರಿಸ್ಟ್ ರೈ ಕೂಡರ್ ತನ್ನ ಸ್ಟ್ರಾಟೋಕಾಸ್ಟರಿಗೆ ಟೈಸ್ಕೋ ಪಿಕಪ್ ಯಾಕೆ ಹಾಕ್ಕೊಂಡ ಅಂತ ಆಗ ಗೊತ್ತಾಯ್ತು. ಒಳಗಿನ ಸುತ್ತುಗಳು ಅಲ್ಲಾಡದ ಹಾಗೆ ಪಿಕಪ್ಪಿಗೆ ಮೇಣ ತುಂಬಿಲ್ಲ, ಹಾಗಾಗಿ ಪಿಕ್‌ಗಾರ್ಡ್ ಮೇಲೆ ಉಗುರು ತಟ್ಟಿದ್ರೂ ಆಂಪಲ್ಲಿ ಕೇಳ್ಸುತ್ತೆ, ಜೋರು ಮಾಡಿದ್ರೆ ಕೂಗೋಕೆ ಶುರು. ಟ್ಯೂನಿಂಗ್ ವಿಷ್ಯಕ್ಕೆ ಬಂದ್ರೆ ಎತ್ತು ಏರಿಗೆ, ಕೋಣ ನೀರಿಗೆ. ಒಂದು ತಂತಿ ಬಗ್ಗಿಸಿ ಎಳೆದ್ರೆ ಟ್ರೆಮೊಲೊ (ಕೋಲು ಒತ್ತಿ ಸ್ವರ ಅಲುಗಿಸೋ ಭಾಗ) ಸ್ಪ್ರಿಂಗ್ ಅಲ್ಲಾಡಿ ಮಿಕ್ಕ ಐದೂ ಕೆಳಗಿಳಿಯುತ್ತೆ.

ಟ್ರೆಮೊಲೊ ಕೋಲು ಇನ್ನೂ ಸಿಕ್ಕಿಲ್ಲ, ಹರಾಜಲ್ಲಿ ಒಂದು ಬಂದಿತ್ತು, ಅದಕ್ಕೇ ಗಿಟಾರಿನ ಅರ್ಧ ರೇಟು. ಹಾರ್ಡ್‌ವೇರ್ ಅಂಗಡಿಯಿಂದ 6 ಮಿ.ಮೀ. ಬೋಲ್ಟ್ ತಂದು ಹಾಕಿ ನೋಡ್ದೆ, ಎರಡು ಸುತ್ತು ಹೋಗಿ ನಿಂತ್ಬಿಡ್ತು. ತಗಡಿನ ಕಿವಿ ನೆನಪಾಗಿ ಅಲ್ಲೇ ಬಿಟ್ಟೆ.