ಕಾದಂಬರಿಯ ಮಕ್ಕಳಿಗೆ ಭಾಷಣ ಬರೆದುಕೊಡಬೇಡಿ

ಕುಮಟೆಯ ನಮ್ಮ ಮನೆಗೆ ಹೊಸ ಲೇಖಕರ ಹಸ್ತಪ್ರತಿಗಳು ಬರುತ್ತಿರುತ್ತವೆ. ಹನ್ನೆರಡರ ಹುಡುಗಿಯೊಬ್ಬಳು ಬದುಕಿನ ಅರ್ಥ ಹೇಳತೊಡಗಿದಳೆಂದರೆ ನಾನು ಪೆನ್ಸಿಲ್ ಹುಡುಕುತ್ತೇನೆ. ಮಾತು ಲೇಖಕರದ್ದು, ಪಾಪ, ಅವಳದ್ದು ಬಾಯಿ ಮಾತ್ರ.

ಮೊದಲು ಅವಳಿಗೊಂದು ಕೆಲಸ ಕೊಡಿ, ಕೈಗೆ ಪಳಗಿದ ಕೆಲಸ. ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವ ಹುಡುಗಿ ಎಂದುಕೊಳ್ಳಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ತೀರಾ ಕೆಳಗಿಳಿಯುತ್ತದೆ, ಭರತಿಯೂ ಅಷ್ಟೇ ಜೋರು. ನಿಮಗೆ ಇದು ಗೊತ್ತಿರಲಿ, ಅವಳು ವಿವರಿಸುವುದು ಬೇಡ. ಬುಟ್ಟಿ ಅರ್ಧ ತುಂಬಿದೆ. ಹೆಂಗಸರೆಲ್ಲ ಇನ್ನೂ ಬಗ್ಗಿಕೊಂಡೇ ಇದ್ದಾರೆ. ಕಾಲಬುಡದಲ್ಲಿ ನೀರು ಭರತಿಗೆ ತಿರುಗಿದ್ದು ಇವಳಿಗೆ ತಿಳಿಯಿತು.

"ಅತ್ತೆ, ಸಾಕು, ಹೋಗ್ವಾ."

"ಎಂತ ಅವಸರ ನಿಂಗೆ?"

ಎಲ್ಲರೂ ನಗುತ್ತಾರೆ. ಇವಳು ಅತ್ತೆಯ ಬುಟ್ಟಿಯನ್ನೇ ಎತ್ತಿಕೊಂಡು ದಡದತ್ತ ಹೊರಡುತ್ತಾಳೆ. ಅತ್ತೆ ಬೈಯುತ್ತ ಹಿಂದೆ ಬರುತ್ತಾಳೆ. ಆ ದಿನದ ದುಡ್ಡು ಅರ್ಧವಾಯಿತು. ಇಲ್ಲಿ ಬಹುತೇಕರು ಅವಸರಪಟ್ಟು ದೊಡ್ಡ ಅಲೆಯೊಂದನ್ನು ತಂದು ಹುಡುಗಿ ಹೇಳಿದ್ದೇ ಸರಿ ಎಂದು ತೋರಿಸಿಬಿಡುತ್ತಾರೆ. ತರಬೇಡಿ. ಆ ದಿನ ಭರತಿ ಮೆಲ್ಲಗೇ ಏರಲಿ, ಉಳಿದವರು ತುಂಬಿದ ಬುಟ್ಟಿ ಹೊತ್ತು ನಗುತ್ತಲೇ ಮನೆಗೆ ಬರಲಿ. ಮರುದಿನ ನೀರು ತಿರುಗಿದಾಗ ಅವಳು ಬಾಯಿ ತೆರೆಯುತ್ತಾಳೋ ಇಲ್ಲವೋ, ಆ ಅಧ್ಯಾಯ ಬರೆಯಿರಿ.

ಅಪ್ಪ-ಅಮ್ಮನನ್ನು ಕೊಂದು ಮಕ್ಕಳನ್ನು ದೊಡ್ಡವರನ್ನಾಗಿಸುವ ಚಾಳಿಯೂ ಸಾಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅಪ್ಪ ಮನೆಯಲ್ಲೇ ಬಲೆ ಹೊಲಿಯುತ್ತ ಕೂತಿರುತ್ತಾನೆ, ಶಾಲೆಯೂ ಅದೇ ಹೊತ್ತಿಗೆ ಶುರು. ಹುಡುಗ ಹಳೇ ಚೀಲವನ್ನೇ ಹೆಗಲಿಗೇರಿಸಿ, "ಹೊಸದು ಬೇಡ, ಇದರ ಜಿಪ್ಪು ಚಲೋ ಉಂಟು" ಎನ್ನುತ್ತಾನೆ. ಜಿಪ್ಪು ಹೋಗಿ ವರ್ಷವಾಗಿದೆ. ಅಪ್ಪನಿಗೂ ಅದು ಗೊತ್ತು. ಇಬ್ಬರೂ ಬಲೆಯನ್ನೇ ನೋಡುತ್ತಾರೆ.

ಚರಿತ್ರೆ ಬರೆಯುವವರಿಗೆ ಈ ರೋಗ ಇನ್ನೂ ಜೋರು. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ ಎಂದ ಕೂಡಲೇ ಮಗುವಿನ ಕೈಗೆ ಬಾವುಟ, ಬಾಯಿಗೆ ಘೋಷಣೆ. ಅದಾದ ಮೇಲೆ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರದ ರೈತರ ಗದ್ದೆಗಳು ಜಪ್ತಿಯಾದವಲ್ಲ, ಅಲ್ಲಿಗೆ ಹೋಗಿ. ಜಪ್ತಿಯವರು ಅಂಗಳದಲ್ಲಿ ನಿಂತಿದ್ದಾರೆ. ಅಪ್ಪ ಜೈಲಿನಲ್ಲಿ. ಹತ್ತು ವರ್ಷದವನು ಹಿತ್ತಲ ಬಾಗಿಲಿನಿಂದ ಕರುವನ್ನು ಹೊಡೆದುಕೊಂಡು ಹೋಗಬೇಕು, ಅದು ಕೂಗದ ಹಾಗೆ. ಭಯವಿಲ್ಲ ಎಂದು ಬರೆದರೆ ದೃಶ್ಯ ಕೆಟ್ಟಿತು. ಬೆವರಿದ ಕೈಯಲ್ಲಿ ಹಗ್ಗ ಜಾರಲಿ. ದೊಡ್ಡಪ್ಪನ ಮನೆ ಮುಟ್ಟಿದವನು ಬೆಲ್ಲದ ತುಂಡಿಗಾಗಿ ಅಲ್ಲಿಯ ಹುಡುಗರ ಜೊತೆ ಜಗಳಕ್ಕೆ ಬೀಳಲಿ. ಹತ್ತು ವರ್ಷ ಹತ್ತಾಗಿಯೇ ಇರಬೇಕು.

ಕರಡು ಮುಗಿದ ಮೇಲೆ "ಎಷ್ಟು ಧೈರ್ಯ ನಿಂದು ಮಗಾ" ಎನ್ನುವ ಅಜ್ಜಿ, ಮಾಸ್ತರು, ಪೊಲೀಸಪ್ಪ ಎಲ್ಲೆಲ್ಲಿ ಇದ್ದಾರೋ ಹುಡುಕಿ, ಆ ಸಾಲು ಹೊಡೆದುಹಾಕಿ. ಹೊಡೆದ ಮೇಲೆ ದೃಶ್ಯ ಬೋಳಾಗಿ ಕಂಡರೆ ಹೊಗಳಿಕೆಯನ್ನು ವಾಪಸು ತರಬೇಡಿ, ಮಗು ಮಾಡಿದ ಕೆಲಸವನ್ನೇ ಮತ್ತೊಮ್ಮೆ ಬರೆಯಿರಿ.